ಗಿರಾಕಿಯ ಚರ್ಮಕ್ಕೆ ತಾಗುವುದು ಮೊದಲು

(ತಿಪಟೂರಿನಲ್ಲಿ ಒಂದು ಮಂಗಳವಾರ, ಹೊಸದಾಗಿ ಸಲೂನ್ ಇಡುತ್ತಿರುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಅಣ್ಣಂದಿರಿಗೆ, ತಮ್ಮಂದಿರಿಗೆ, ಪಾರ್ಲರ್ ನಡೆಸುವ ಅಕ್ಕಂದಿರಿಗೆ, ಎಲ್ಲರಿಗೂ ನಮಸ್ಕಾರ. ವಾರಕ್ಕೆ ನಮಗೆ ರಜೆ ಅಂತ ಸಿಗುವುದೇ ಒಂದು ಮಂಗಳವಾರ. ಅದನ್ನೂ ಬಿಟ್ಟುಕೊಟ್ಟು ಇಲ್ಲಿಗೆ ಬಂದಿದ್ದೀರಿ. ಅದಕ್ಕೇ ಇವತ್ತು ದೊಡ್ಡ ಮಾತು ಬೇಡ, ನಾಳೆ ಬೆಳಿಗ್ಗೆ ಅಂಗಡಿಯಲ್ಲಿ ಕೆಲಸಕ್ಕೆ ಬರುವುದನ್ನೇ ಹೇಳುತ್ತೇನೆ.

ನಮ್ಮ ತಾತನ ಹತ್ತಿರ ಅಂಗಡಿ ಇರಲಿಲ್ಲ. ಹಡಪ ಇತ್ತು. ಚರ್ಮದ ಚೀಲ. ಅದರಲ್ಲಿ ಎರಡು ಕತ್ತಿ, ಒಂದು ಕತ್ತರಿ, ಬಾಚಣಿಗೆ, ಸಾಣೆಕಲ್ಲು, ಕತ್ತಿ ತೀಡಲು ಚರ್ಮದ ಪಟ್ಟಿ, ನೀರಿನ ಬಟ್ಟಲು, ಉಗುರು ತೆಗೆಯುವ ಸಣ್ಣ ಉಳಿ, ಒಂದು ಕೈಗನ್ನಡಿ. ಅದನ್ನು ಹೆಗಲಿಗೆ ಹಾಕಿಕೊಂಡು ನಾಲ್ಕು ಹಳ್ಳಿ ಸುತ್ತುತ್ತಿದ್ದರು. ಹಡಪ ಅಂದರೆ ಎಲೆಅಡಿಕೆ ಚೀಲ ಅಂತಲೂ ಅರ್ಥ ಇದೆ. 12ನೇ ಶತಮಾನದ ಶರಣ ಹಡಪದ ಅಪ್ಪಣ್ಣನವರ ಹೆಸರಿನಲ್ಲಿ ಇರುವುದೂ ಅದೇ ಪದ. ನಮ್ಮ ಕಸುಬಿನ ಮೊದಲ ಸ್ಟಾಕ್ ರೂಮ್ ಅಂದರೆ ಆ ಚೀಲ. ಹೆಗಲ ಮೇಲೆ ಹೊರಬೇಕಾದ್ದರಿಂದ ಅದರಲ್ಲಿ ಕೆಲಸಕ್ಕೆ ಬಾರದ ಒಂದು ಸಾಮಾನೂ ಇರುತ್ತಿರಲಿಲ್ಲ.

ಹೋದ ತಿಂಗಳು ಒಬ್ಬ ಹುಡುಗ ಹೊಸ ಅಂಗಡಿಗೆ ತರಬೇಕಾದ ಸಾಮಾನಿನ ಪಟ್ಟಿ ತಂದು ತೋರಿಸಿದ. ಎರಡು ಪುಟ. ಮೊದಲಿಗೆ ಕನ್ನಡಿಯ ಸುತ್ತ ಹಾಕುವ ಎಲ್ಇಡಿ ಲೈಟು. ಆಮೇಲೆ ನಾಲ್ಕು ಬಗೆ ಹೇರ್ ವ್ಯಾಕ್ಸ್, ಮೂರು ಬಗೆ ಫೇಸ್ ಪ್ಯಾಕ್, ಹನ್ನೆರಡು ಬಣ್ಣದ ಹೇರ್ ಕಲರ್. ಕಟ್ಟಕಡೆಯ ಸಾಲಿನಲ್ಲಿ ‘ಬ್ಲೇಡ್ 5 ಪ್ಯಾಕೆಟ್’. ಟವೆಲ್ ಪಟ್ಟಿಯಲ್ಲೇ ಇರಲಿಲ್ಲ. ನಾನು ಬೈಯಲಿಲ್ಲ. ಪಟ್ಟಿಯನ್ನು ತಲೆಕೆಳಗು ಮಾಡಿ ಬರೆದುಕೊಂಡು ಬಾ ಅಂದೆ. ಗಿರಾಕಿಯ ಚರ್ಮಕ್ಕೆ ಯಾವುದು ತಾಗುತ್ತದೋ ಅದು ಮೊದಲು. ಕೂದಲಿಗೆ ತಾಗುವುದು ಆಮೇಲೆ. ಕಣ್ಣಿಗೆ ಕಾಣಲಿ ಅಂತ ಶೆಲ್ಫಿನಲ್ಲಿ ಜೋಡಿಸುವುದು ಎಲ್ಲಕ್ಕಿಂತ ಕೊನೆಗೆ. ಇವತ್ತು ನಾನು ಹೇಳುವುದೆಲ್ಲ ಈ ಲೆಕ್ಕದ ಮೇಲೆಯೇ.

ಬ್ಲೇಡಿನಿಂದ ಶುರು ಮಾಡೋಣ.

ನಾನು ಹುಡುಗನಾಗಿದ್ದಾಗ ಅಪ್ಪನ ಅಂಗಡಿಯಲ್ಲಿ ನೀರು ಹಿಡಿಯುವುದು, ಕೂದಲು ಗುಡಿಸುವುದು ನನ್ನ ಕೆಲಸ. ಆಗ ಒಂದು ಬ್ಲೇಡಿನಲ್ಲಿ ನಾಲ್ಕೈದು ಜನರಿಗೆ ಶೇವ್ ಮಾಡುತ್ತಿದ್ದೆವು. ಎಲ್ಲ ಕಡೆಯೂ ಹಾಗೇ ಇತ್ತು, ಯಾರಿಗೂ ತಪ್ಪು ಅನ್ನಿಸಿರಲಿಲ್ಲ. 90ರ ದಶಕದಲ್ಲಿ ಏಡ್ಸ್ ಬಗ್ಗೆ ರೇಡಿಯೋದಲ್ಲಿ, ಗೋಡೆ ಮೇಲೆ, ಎಲ್ಲ ಕಡೆ ಪ್ರಚಾರ ಶುರುವಾಯಿತು. ಒಂದು ಭಾನುವಾರ, ವರ್ಷಗಳಿಂದ ನಮ್ಮಲ್ಲೇ ಬರುತ್ತಿದ್ದ ಒಬ್ಬ ಮೇಷ್ಟ್ರು ಕುರ್ಚಿಯಲ್ಲಿ ಕೂತರು. ಅಂಗಿಯ ಜೇಬಿನಿಂದ ಕಾಗದದಲ್ಲಿ ಸುತ್ತಿದ ಬ್ಲೇಡ್ ತೆಗೆದು ಅಪ್ಪನ ಕೈಗೆ ಕೊಟ್ಟರು. ‘ಬೇಜಾರು ಮಾಡ್ಕೋಬೇಡಪ್ಪ, ಇವತ್ತು ಇದನ್ನ ಹಾಕು’ ಅಂದರು. ಅಪ್ಪ ಏನೂ ಮಾತಾಡಲಿಲ್ಲ. ಆ ಬ್ಲೇಡನ್ನೇ ಹಾಕಿ ಶೇವ್ ಮಾಡಿದರು. ಮೇಷ್ಟ್ರು ಹೋದ ಮೇಲೆ ಕತ್ತಿಯನ್ನು ಮೇಜಿನ ಮೇಲಿಟ್ಟು ಸುಮಾರು ಹೊತ್ತು ಸುಮ್ಮನೆ ನಿಂತಿದ್ದರು. ಮಾರನೇ ದಿನ ಹತ್ತು ಪ್ಯಾಕೆಟ್ ಬ್ಲೇಡ್ ತರಿಸಿದರು. ಅಂದಿನಿಂದ ನಮ್ಮ ಅಂಗಡಿಯಲ್ಲಿ ಗಿರಾಕಿ ಕನ್ನಡಿಯಲ್ಲಿ ನೋಡುತ್ತಿರುವಾಗಲೇ ಹೊಸ ಬ್ಲೇಡಿನ ಕಾಗದ ಬಿಚ್ಚುತ್ತೇವೆ. ಕೆಲಸ ಮುಗಿದ ಕೂಡಲೇ ಅವರ ಎದುರಿಗೇ ತೆಗೆದು ಹಾಕುತ್ತೇವೆ.

ಬರೀ ಏಡ್ಸ್ ಅಂತ ತಿಳಿಯಬೇಡಿ. ನಮ್ಮ ಕಸುಬಿನಲ್ಲಿ ಅದಕ್ಕಿಂತ ಜಾಸ್ತಿ ಭಯಪಡಬೇಕಾದ್ದು ಹೆಪಟೈಟಿಸ್ ಬಿ. ಲಿವರ್ ಹಾಳುಮಾಡುವ ಈ ವೈರಸ್ ಒಣಗಿದ ರಕ್ತದಲ್ಲಿ, ಮೈ ಹೊರಗೆ, ಕಡಿಮೆ ಅಂದರೂ ಏಳು ದಿನ ಬದುಕಿರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಇದು ಗಿರಾಕಿಯಿಂದ ಗಿರಾಕಿಗೂ ಹೋಗಬಹುದು, ಗಿರಾಕಿಯಿಂದ ನಮಗೂ ಬರಬಹುದು. ನಮ್ಮ ಬೆರಳು ವಾರಕ್ಕೊಂದು ಸಲವಾದರೂ ಕುಯ್ದುಕೊಳ್ಳುತ್ತದೆ, ಅಲ್ವಾ? ಇದಕ್ಕೆ ಲಸಿಕೆ ಇದೆ. ಆರು ತಿಂಗಳಲ್ಲಿ ಮೂರು ಡೋಸ್. ಅಂಗಡಿಗೆ ಫ್ಯಾನ್ ಹಾಕಿಸುವ ಮುಂಚೆ ನೀವೂ, ನಿಮ್ಮ ಕೈಕೆಳಗಿನ ಹುಡುಗರೂ ಅದನ್ನು ಹಾಕಿಸಿಕೊಳ್ಳಿ.

ಈಗ ಎಷ್ಟು ಬ್ಲೇಡ್ ಬೇಕು ನೋಡಿ. ಎರಡು ಕುರ್ಚಿಯ ಅಂಗಡಿ ಅಂತ ಇಟ್ಟುಕೊಳ್ಳಿ. ದಿನಕ್ಕೆ 25 ಜನ, ಭಾನುವಾರ 50. ಮಂಗಳವಾರ ರಜೆ. ವಾರಕ್ಕೆ 175 ಜನ ಆಯಿತು. ಎಲ್ಲರೂ ಶೇವಿಂಗಿಗೆ ಬರುವುದಿಲ್ಲವಲ್ಲ ಅನ್ನುತ್ತೀರಿ. ಆದರೆ ಕಟಿಂಗ್ ಆದ ಮೇಲೆ ಕಿವಿ ಪಕ್ಕ, ಕತ್ತಿನ ಹಿಂದೆ ಗೆರೆ ಬಿಡಿಸುತ್ತೀರಲ್ಲ, ಅದಕ್ಕೂ ಬ್ಲೇಡ್ ಬೇಕು. ಆ ಜಾಗದಲ್ಲೂ ರಕ್ತ ಬರುತ್ತದೆ. ನಮ್ಮ ಕತ್ತಿ ಹಿಡಿಗೆ ಹಾಕುವುದು ಬ್ಲೇಡಿನ ಅರ್ಧ ಭಾಗ. ಒಬ್ಬರಿಗೆ ಅರ್ಧ ಬ್ಲೇಡ್ ಅಂದರೆ ವಾರಕ್ಕೆ 88 ಬ್ಲೇಡ್. ಹತ್ತರ ಪ್ಯಾಕೆಟ್ ಒಂಬತ್ತು. ತಿಂಗಳಿಗೆ 40 ಪ್ಯಾಕೆಟ್ ಇಟ್ಟರೆ ಚಿಂತೆಯಿಲ್ಲ. ಒಂದು ಬ್ಲೇಡಿಗೆ ಎರಡೂವರೆ ರೂಪಾಯಿ ಹಿಡಿದರೂ ತಿಂಗಳಿಗೆ ಒಂದು ಸಾವಿರ. ಒಬ್ಬ ಗಿರಾಕಿಗೆ ಒಂದೂಕಾಲು ರೂಪಾಯಿ. ಇದರಲ್ಲಿ ಉಳಿಸಲು ಹೋಗಬೇಡಿ. ಟೋಪಾಜ್ ಆಗಲಿ, ಸೆವೆನ್ ಓ ಕ್ಲಾಕ್ ಆಗಲಿ, ನಿಮ್ಮ ಕೈಗೆ ಒಗ್ಗಿದ್ದನ್ನು ತನ್ನಿ. ಅರ್ಧ ಮಾಡುವಾಗ ಕಾಗದದ ಒಳಗಿದ್ದಂತೆಯೇ ಮುರಿಯಿರಿ. ಬಿಚ್ಚಿ ಮುರಿದರೆ ಬೆರಳಿಗೆ ತಾಗುತ್ತದೆ, ಬ್ಲೇಡಿನ ಅಂಚೂ ಕೆಡುತ್ತದೆ.

ಬ್ಲೇಡ್ ಹೊಸದು ಹಾಕಿಬಿಟ್ಟರೆ ಕೆಲಸ ಮುಗಿಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಶೇವಿಂಗ್ ಆದ ಮೇಲೆ ಏನು ಮಾಡುತ್ತೀರಿ? ಪಟಿಕ ತೆಗೆದು ಕೆನ್ನೆ ಮೇಲೆಲ್ಲ ಉಜ್ಜುತ್ತೀರಿ. ಗಾಯ ಇದ್ದ ಕಡೆಯೇ ಇನ್ನೂ ಒತ್ತಿ ಉಜ್ಜುತ್ತೀರಿ. ಆಮೇಲೆ ಅದೇ ಪಟಿಕವನ್ನು ಮುಂದಿನವರಿಗೆ ಉಜ್ಜುತ್ತೀರಿ. ಹೊಸ ಬ್ಲೇಡ್ ಹಾಕಿ ಕಾಪಾಡಿದ್ದನ್ನು ಆ ಒಂದು ಕಲ್ಲು ಕಳೆದುಬಿಡುತ್ತದೆ. ನಾನು ಮಾಡುವುದು ಇಷ್ಟು. ಪಟಿಕವನ್ನು ಕುಟ್ಟಿ ಪುಡಿ ಮಾಡಿ ನೀರಿನಲ್ಲಿ ಕರಗಿಸಿ ಸ್ಪ್ರೇ ಬಾಟಲಿಯಲ್ಲಿ ತುಂಬಿಡುತ್ತೇನೆ. ಕೆನ್ನೆಗೆ ಹೊಡೆಯುತ್ತೇನೆ, ಕೈ ತಾಗುವುದಿಲ್ಲ. ಗಾಯ ಆಗಿದ್ದರೆ ಹೊಸ ಹತ್ತಿಯ ಮೇಲೆ ಚಿಟಿಕೆ ಪುಡಿ ಹಾಕಿ ಒತ್ತುತ್ತೇನೆ. ಹತ್ತಿ ಕಸಕ್ಕೆ. ಕಾಲು ಕಿಲೋ ಪಟಿಕ, ಒಂದು ಸುರುಳಿ ಹತ್ತಿ, ನೂರು ರೂಪಾಯಿ ಆಚೀಚೆ.

ಪೌಡರ್ ಪಫ್, ಕತ್ತಿನ ಕೂದಲು ಒರೆಸುವ ಬ್ರಷ್, ನೊರೆ ಬರಿಸುವ ಬ್ರಷ್, ಮೂರೂ ಇದೇ ಜಾತಿಯವು. ನೊರೆಯ ಬ್ರಷ್ ಬಿಟ್ಟು ಫೋಮ್ ಬಳಸಿದರೆ ಒಳ್ಳೆಯದು. ಕ್ರೀಮೇ ಬೇಕು ಅನ್ನುವವರಿಗೆ ಬ್ರಷ್ ನಾಲ್ಕೈದು ಇಟ್ಟುಕೊಂಡು ತೊಳೆದು ಒಣಗಿಸಿ ಸರದಿಯ ಮೇಲೆ ಬಳಸಿ.

ಟವೆಲ್ ವಿಷಯ. ದೊಡ್ಡ ಟವೆಲ್ ಹತ್ತು ಬೇಡ. ಕೈ ಒರೆಸುವ ಅಳತೆಯ ಸಣ್ಣ ಟವೆಲ್ ತನ್ನಿ, ಒಬ್ಬರಿಗೆ ಒಂದು. ಬಿಳಿ ಇರಲಿ, ಇಲ್ಲ ತಿಳಿ ಬಣ್ಣ. ಕೊಳೆ ಕಾಣಬೇಕು. ಕಾಫಿ ಬಣ್ಣದ ಟವೆಲ್ ತಂದರೆ ಕೊಳೆ ಮುಚ್ಚಿಹೋಗುತ್ತದೆ. ಭಾನುವಾರ 50 ಬೇಕು. ರಾತ್ರಿ ಒಗೆದರೆ ಸೋಮವಾರಕ್ಕೆ ಒಣಗುವ ಭರವಸೆ ಇಲ್ಲ, ಮಳೆಗಾಲದಲ್ಲಂತೂ ಇಲ್ಲವೇ ಇಲ್ಲ. ಸೋಮವಾರಕ್ಕೆ ಇನ್ನೊಂದು 25. ಮಂಗಳವಾರ ಎಲ್ಲ ಒಗೆದು ಬಿಸಿಲಿಗೆ ಹಾಕಬಹುದು. 75 ಆಯಿತು. ಹರಿದದ್ದು, ಡೈ ಕಲೆ ಹತ್ತಿದ್ದು ಅಂತ ಸೇರಿಸಿ 80 ಇಡಿ. ಮೈಮೇಲೆ ಹೊದಿಸುವ ಬಟ್ಟೆ ಆರು ಸಾಕು. ಆದರೆ ಅದರ ಅಂಚು ಗಿರಾಕಿಯ ಕುತ್ತಿಗೆಗೆ ತಾಗದ ಹಾಗೆ ಒಳಗೆ ಕಾಗದದ ನೆಕ್ ಸ್ಟ್ರಿಪ್ ಸುತ್ತಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಿಮ್ಮ ಅಂಗಡಿಯಲ್ಲಿ ಇಂಥವರಿಗೆ ಅಂತ ಬೇರೆ ಟವೆಲ್, ಬೇರೆ ಕತ್ತರಿ, ಬೇರೆ ಕುರ್ಚಿ ಇರಕೂಡದು. ಕೆಲವು ಹಳ್ಳಿಗಳಲ್ಲಿ ದಲಿತರಿಗೆ ಕಟಿಂಗ್ ಮಾಡುವುದಿಲ್ಲ ಅನ್ನುವ ಸುದ್ದಿ ಈಗಲೂ ಪೇಪರಿನಲ್ಲಿ ಬರುತ್ತದೆ. ಕಾನೂನಿನಲ್ಲಿ ಅದು ಅಪರಾಧ. ಕಾನೂನು ಇಲ್ಲದಿದ್ದರೂ ಅದು ತಪ್ಪೇ. ಊರಿನ ದೊಡ್ಡವರು ನಮ್ಮನ್ನು ಜಗುಲಿ ಹತ್ತಿಸದೆ ಅಂಗಳದಲ್ಲೇ ನಿಲ್ಲಿಸಿದ್ದು ನಮ್ಮ ತಾತಂದಿರಿಗೆ ಗೊತ್ತು. ಆ ನೋವು ಗೊತ್ತಿರುವ ನಾವು ಇನ್ನೊಬ್ಬರನ್ನು ಬಾಗಿಲಲ್ಲಿ ನಿಲ್ಲಿಸಬಾರದು. ಒಬ್ಬರಿಗೆ ಒಂದು ಟವೆಲ್ ಅಂದರೆ ಎಲ್ಲರಿಗೂ ಒಂದೊಂದು.

ಕತ್ತರಿ, ಬಾಚಣಿಗೆ, ಟ್ರಿಮ್ಮರಿನ ಬಾಯಿ ಇವನ್ನು ಬಿಸಾಡುವ ಹಾಗಿಲ್ಲ. ತೊಳೆಯಬೇಕು. ಮೊದಲು ಬ್ರಷ್ಷಿನಿಂದ ಕೂದಲು ತೆಗೆಯಿರಿ. ಕತ್ತರಿ, ಬಾಚಣಿಗೆಯನ್ನು ಸೋಪು ನೀರಿನಲ್ಲಿ ಉಜ್ಜಿ, ಒರೆಸಿ. ಆಮೇಲೆ ಕತ್ತರಿಯನ್ನು ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಿರಿಟ್‌ನಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ಕೊಳೆ ಇದ್ದಂತೆಯೇ ಸ್ಪಿರಿಟ್‌ಗೆ ಹಾಕಿದರೆ ಸ್ಪಿರಿಟ್ ಕೊಳೆಯ ಒಳಗೆ ಇಳಿಯುವುದಿಲ್ಲ. ಬ್ಲೀಚಿಂಗ್ ಪುಡಿಯ ನೀರು ನೆಲಕ್ಕೆ ಸರಿ, ಕತ್ತರಿಗೆ ಬೇಡ. ಉಕ್ಕು ತುಕ್ಕು ಹಿಡಿಯುತ್ತದೆ. ನೀಲಿ ಬೆಳಕಿನ ಪೆಟ್ಟಿಗೆ ಬರುತ್ತದಲ್ಲ, ಯುವಿ ಪೆಟ್ಟಿಗೆ, ಅದನ್ನು ತೊಳೆದ ಸಾಮಾನು ಇಡುವ ಬೀರು ಅಂತ ನೋಡಿ. ಬೆಳಕು ಬಿದ್ದ ಮೈಗೆ ಮಾತ್ರ ಅದರ ಕೆಲಸ. ಬಾಚಣಿಗೆಯ ಹಲ್ಲಿನ ಸಂದಿಗೆ, ಕತ್ತರಿಯ ಮಡಿಕೆಗೆ ಬೆಳಕು ಹೋಗುವುದಿಲ್ಲ.

ಸ್ಪಿರಿಟ್ ಬೇಗ ಬೆಂಕಿ ಹತ್ತಿಕೊಳ್ಳುತ್ತದೆ. ನಾವು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕನ್ನಡಿ ಮೇಲಿನ ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತೇವೆ. ಅದರ ಕೆಳಗೇ ಸ್ಪಿರಿಟ್ ಡಬ್ಬ ಇರುತ್ತದೆ. ಇವತ್ತೇ ಹೋಗಿ ಜಾಗ ಬದಲಾಯಿಸಿ.

ಕತ್ತರಿ ಎರಡಾದರೂ ಒಳ್ಳೆಯವು ಇರಲಿ. ಉತ್ತರ ಪ್ರದೇಶದ ಮೀರತ್ ಕತ್ತರಿಗೆ ಜಿಐ ಗುರುತು, ಅಂದರೆ ಒಂದು ಊರಿನ ವಿಶೇಷ ಸಾಮಾನಿಗೆ ಸರ್ಕಾರ ಕೊಡುವ ಗುರುತು, ಸಿಕ್ಕಿದೆ, ಹಳೆಯ ಹೆಸರು. ಆರು ಇಂಚಿನದು ಒಂದು, ಬಾಚಣಿಗೆ ಮೇಲೆ ಹೊಡೆಯಲು ಏಳು ಇಂಚಿನದು ಒಂದು, ಒತ್ತು ಕೂದಲು ತೆಳುಮಾಡಲು ಹಲ್ಲಿನ ಕತ್ತರಿ ಒಂದು. ಟ್ರಿಮ್ಮರ್ ಎರಡು, ಒಂದು ಚಾರ್ಜಿನಲ್ಲಿರುವಾಗ ಇನ್ನೊಂದು ಕೈಯಲ್ಲಿ. ಕರೆಂಟ್ ಹೋಗಿ ಚಾರ್ಜೂ ಮುಗಿದ ದಿನಕ್ಕೆ ಹಳೆಯ ಕೈ ಮಷಿನ್ ಒಂದು ಡ್ರಾಯರಿನಲ್ಲಿ ಇರಲಿ.

ಇನ್ನು ಡೈ. ಇದರಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಹದಿನೈದು ವರ್ಷದ ಹಿಂದಿನ ಮಾತು. ಗುರುತಿನ ಯಜಮಾನರೊಬ್ಬರು ಶುಕ್ರವಾರ ಸಂಜೆ ಬಂದರು. ಭಾನುವಾರ ಮಗಳ ಮದುವೆ. ತಲೆಗೂ ಮೀಸೆಗೂ ಕಪ್ಪು ಹಾಕು ಅಂದರು. ಅವರು ಯಾವತ್ತೂ ಡೈ ಹಾಕಿಸಿದವರಲ್ಲ. ಪೊಟ್ಟಣದ ಹಿಂದೆ 48 ಗಂಟೆ ಮುಂಚೆ ಪರೀಕ್ಷೆ ಮಾಡಿ ಅಂತ ಸಣ್ಣ ಅಕ್ಷರದಲ್ಲಿ ಇತ್ತು. ನಾನು ಓದಿದ್ದೆ, ಆದರೂ ಮಾಡಲಿಲ್ಲ. ಶನಿವಾರ ಬೆಳಿಗ್ಗೆ ಅವರ ಮಗ ಓಡಿಬಂದ. ಹೋಗಿ ನೋಡಿದರೆ ಅವರ ಹಣೆ, ರೆಪ್ಪೆ, ಮೇಲ್ತುಟಿ ಎಲ್ಲ ಊದಿಕೊಂಡಿತ್ತು. ಒಂದು ಕಣ್ಣು ಮುಚ್ಚಿಯೇಹೋಗಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮದುವೆಯ ದಿನ ಅವರು ಊದಿದ ಮುಖದಲ್ಲೇ ಧಾರೆ ಎರೆದರು. ನನಗೆ ಒಂದು ಮಾತೂ ಅನ್ನಲಿಲ್ಲ. ಆ ಮದುವೆಯ ಫೋಟೋ ಅವರ ಮನೆಯ ನಡುಮನೆಯಲ್ಲಿ ಇದೆ. ಅಲ್ಲಿಗೆ ಹೋದಾಗೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ಅದಕ್ಕೆ ಕಾರಣ ಪಿಪಿಡಿ ಅನ್ನುವ ರಾಸಾಯನಿಕ. ಕಪ್ಪು ಡೈಗಳಲ್ಲಿ ಬಹಳಷ್ಟರಲ್ಲಿ ಇದು ಇರುತ್ತದೆ. ಕೆಲವರ ಮೈಗೆ ಇದು ಆಗುವುದಿಲ್ಲ. ‘ಮೆಹೆಂದಿ’ ಅಂತ ಹೆಸರಿದ್ದರೂ ಮೋಸಹೋಗಬೇಡಿ. ಬರೀ ಗೋರಂಟಿ ಸೊಪ್ಪು ಕೆಂಪು ಬಣ್ಣ ಕೊಡುತ್ತದೆಯೇ ಹೊರತು ಕಪ್ಪು ಕೊಡುವುದಿಲ್ಲ. ಕಪ್ಪು ಬರುತ್ತದೆ ಅಂದರೆ ಬೇರೆ ಏನೋ ಸೇರಿದೆ, ಪೊಟ್ಟಣದ ಹಿಂದೆ ಓದಿ. ಡೈ ಸಾಮಾನಿನ ಜೊತೆ ಒಂದು ನೋಟ್‌ಬುಕ್ಕೂ ಇಡಿ. ಹೊಸಬರು ಬಂದರೆ ಕಿವಿಯ ಹಿಂದೆ ಚೂರು ಹಚ್ಚಿ, ಹೆಸರು ತಾರೀಖು ಬರೆದು, ಎರಡು ದಿನ ಬಿಟ್ಟು ಬನ್ನಿ ಅನ್ನಿ. ಗಿರಾಕಿ ಬೇರೆ ಅಂಗಡಿಗೆ ಹೋದರೆ ಹೋಗಲಿ. ನಿಮ್ಮ ಕೈಗೂ ಡೈಯಿಂದ ತುರಿಕೆ ಹತ್ತುತ್ತದೆ, ಹಾಗಾಗಿ ಗ್ಲೌಸ್ ಡಬ್ಬ ಪಕ್ಕದಲ್ಲೇ ಇರಲಿ.

ಕ್ರೀಮ್ ಕಲರ್ ಜೊತೆ ಡೆವಲಪರ್ ಬರುತ್ತದೆ. ಅದು ಬಣ್ಣದ ಜೊತೆ ಕಲಸುವ ಹೈಡ್ರೋಜನ್ ಪೆರಾಕ್ಸೈಡ್. 20 ವಾಲ್ಯೂಮ್ ಅಂದರೆ ಅದರಲ್ಲಿ ಪೆರಾಕ್ಸೈಡ್ ನೂರಕ್ಕೆ 6, 30 ಅಂದರೆ 9, 40 ಅಂದರೆ 12. ಹೊಸಬರಿಗೆ 20 ಒಂದೇ ಸಾಕು. ಬಿಸಿಲು ಬೀಳುವ ಕಡೆ ಇಟ್ಟರೆ ಸತ್ತುಹೋಗುತ್ತದೆ. ಸ್ಟೀಲ್ ಬಟ್ಟಲಲ್ಲಿ ಕಲಸಬೇಡಿ, ಪ್ಲಾಸ್ಟಿಕ್ ಬಟ್ಟಲು ಇರಲಿ. ಕೂದಲು ನೇರ ಮಾಡುವ ಕೆಲವು ಕ್ರೀಮುಗಳು ಇಸ್ತ್ರಿ ಬಿಸಿಗೆ ಫಾರ್ಮಾಲ್ಡಿಹೈಡ್ ಹೊಗೆ ಬಿಡುತ್ತವೆ. ಕಣ್ಣು ಉರಿಯುತ್ತದೆ, ಗಂಟಲು ಕೆರೆಯುತ್ತದೆ. ಒಂದು ಬಾಗಿಲು ಮಾತ್ರ ಇರುವ ಸಣ್ಣ ಅಂಗಡಿಯಲ್ಲಿ ಆ ಕೆಲಸ ಬೇಡವೇ ಬೇಡ.

ಎಣ್ಣೆಯ ಮಾತು ಬೇಗ ಮುಗಿಸುತ್ತೇನೆ, ಕೊಬ್ಬರಿಯ ಊರಿನವರಿಗೆ ಎಣ್ಣೆ ಪಾಠ ಬೇಕಿಲ್ಲ. ಒಳ್ಳೆಯ ಗಾಣದ ಎಣ್ಣೆ ಇಡಿ. 24 ಡಿಗ್ರಿಗಿಂತ ತಣ್ಣಗಾದರೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಬಾಟಲಿಯನ್ನು ಬಿಸಿನೀರಿನ ಮಗ್ಗಿನಲ್ಲಿ ನಿಲ್ಲಿಸಿ. ಚಮಚ ಹಾಕಿ ಕೆದಕಬೇಡಿ.

ಪಾರ್ಲರಿನ ಅಕ್ಕಂದಿರಿಗೆ ಎರಡು ಮಾತು. ಹುಬ್ಬು ತೆಗೆಯುವ ದಾರವನ್ನು ಬಾಯಲ್ಲಿ ಕಚ್ಚಿ ಹಿಡಿಯುವ ರೂಢಿ ಇದೆ. ಅದರ ಬದಲು ಕುತ್ತಿಗೆಗೆ ಸುತ್ತಿಕೊಂಡು ಎಳೆಯಬಹುದು. ಒಂದು ವಾರ ಕೈಗೆ ಕಷ್ಟ, ಆಮೇಲೆ ಒಗ್ಗುತ್ತದೆ. ಮೈಯ ಕೂದಲು ತೆಗೆಯುವ ವ್ಯಾಕ್ಸ್ ಡಬ್ಬಕ್ಕೆ ಒಮ್ಮೆ ಚರ್ಮಕ್ಕೆ ತಾಗಿಸಿದ ಕಡ್ಡಿಯನ್ನು ಮತ್ತೆ ಅದ್ದಬೇಡಿ. ಕಡ್ಡಿಗಳ ದೊಡ್ಡ ಕಟ್ಟೇ ತಂದಿಡಿ.

ಯಾವಾಗ ಎಷ್ಟು ತರಬೇಕು ಅನ್ನುವುದನ್ನು ಕ್ಯಾಲೆಂಡರೇ ಹೇಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳಿಗೆಲ್ಲ ಮಷಿನ್ ಕಟಿಂಗ್. ಸ್ಕೂಲ್ ಶುರುವಾಗುವ ವಾರ ಅಪ್ಪಂದಿರು ಸಾಲಾಗಿ ಮಕ್ಕಳನ್ನು ಕರೆತರುತ್ತಾರೆ. ಆಷಾಢದಲ್ಲಿ ಮದುವೆ ಇಲ್ಲ, ಫೇಶಿಯಲ್ ಸಾಮಾನು ಕಡಿಮೆ ಮಾಡಿ. ಗೌರಿ ಗಣೇಶ, ದಸರಾ, ದೀಪಾವಳಿಗೆ ಕೈಬಿಡುವಿರುವುದಿಲ್ಲ. ನವೆಂಬರ್ ಮಧ್ಯದಿಂದ ಅಯ್ಯಪ್ಪನ ಮಾಲೆ ಹಾಕುವವರು ಗಡ್ಡ ಬಿಡುತ್ತಾರೆ. ಸಂಕ್ರಾಂತಿವರೆಗೆ ಫೋಮ್, ಆಫ್ಟರ್ ಶೇವ್ ಅಷ್ಟಾಗಿ ಖರ್ಚಾಗುವುದಿಲ್ಲ. ಮಾಲೆ ತೆಗೆದವರು ಒಂದೇ ಸಲ ಬರುತ್ತಾರೆ, ಉದ್ದ ಗಡ್ಡಕ್ಕೆ ಬ್ಲೇಡ್ ಎರಡು ಪಟ್ಟು ಬೇಕು.

ಜವಳ ತೆಗೆಯಲು ಮಗು ತಂದರೆ ಅಂತ ಒಂದು ಬೇರೆ ಡಬ್ಬ ಇಟ್ಟಿರುತ್ತೇನೆ. ಹೊಸ ಬ್ಲೇಡ್, ಒಗೆದ ಮೃದುವಾದ ಬಟ್ಟೆ, ಸಣ್ಣ ಬಟ್ಟಲು. ನೀರು ಉಗುರುಬೆಚ್ಚಗೆ ಇರಬೇಕು. ವರ್ಷ ತುಂಬದ ಮಗುವಿನ ನೆತ್ತಿ ಇನ್ನೂ ಕೂಡಿರುವುದಿಲ್ಲ. ಬೆರಳಿಟ್ಟರೆ ಮೆತ್ತಗೆ ಬಡಿಯುವುದು ಗೊತ್ತಾಗುತ್ತದೆ. ಆ ಜಾಗದಲ್ಲಿ ಕೈ ಭಾರ ಬಿಡಬಾರದು. ಜವಳದ ದಿನ ತಾಯಿ ನಮ್ಮ ಮುಖ ನೋಡುವುದಿಲ್ಲ, ನಮ್ಮ ಕೈಯನ್ನೇ ನೋಡುತ್ತಿರುತ್ತಾಳೆ.

ಎಲ್ಲಿ ತರುವುದು? ಬೆಂಗಳೂರಿನ ಚಿಕ್ಕಪೇಟೆ, ಮಾಮೂಲುಪೇಟೆ ಕಡೆ ಹೋದರೆ ಹೋಲ್‌ಸೇಲ್‌ನಲ್ಲಿ ಸಿಗುತ್ತದೆ. ಟವೆಲ್, ಬಾಚಣಿಗೆ, ಹೊದಿಸುವ ಬಟ್ಟೆ ಅಲ್ಲಿಂದ ತನ್ನಿ. ಡೈ, ಕ್ರೀಮ್ ಮಾತ್ರ ಬಿಲ್ ಕೊಡುವವರ ಹತ್ತಿರವೇ ತಗೊಳ್ಳಿ. ತಯಾರಿಕೆ ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ತಾರೀಖು ಈ ಮೂರೂ ಇಲ್ಲದ ಡಬ್ಬ ಮುಟ್ಟಬೇಡಿ. 2025ರ ಸೆಪ್ಟೆಂಬರ್ 22ರಿಂದ ಶಾಂಪೂ, ತಲೆಎಣ್ಣೆ, ಶೇವಿಂಗ್ ಕ್ರೀಮ್, ಪೌಡರುಗಳ ಜಿಎಸ್‌ಟಿ 18ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಸರಿಯಾಗಿದೆಯಾ ನೋಡಿಕೊಳ್ಳಿ. ವ್ಯಾನಿನಲ್ಲಿ ಬರುವವರು ಹತ್ತು ತಗೊಂಡರೆ ಒಂದು ಫ್ರೀ ಅನ್ನುತ್ತಾರೆ. ವರ್ಷದಲ್ಲಿ ಆರು ಖರ್ಚಾಗುವ ಸಾಮಾನಾದರೆ ಫ್ರೀ ಬಂದದ್ದೂ ತಾರೀಖು ಮುಗಿದು ತಿಪ್ಪೆಗೆ ಹೋಗುತ್ತದೆ. ನನ್ನ ಲೆಕ್ಕ ಸುಲಭ. ಪ್ರತಿಯೊಂದೂ ಎರಡು ಇರುತ್ತದೆ. ಎರಡನೆಯದನ್ನು ಒಡೆದ ದಿನವೇ ಮುಂದಿನದಕ್ಕೆ ಹೇಳುತ್ತೇನೆ.

ಹಳೆಯ ಬ್ಲೇಡ್ ಎಲ್ಲಿಗೆ ಹಾಕುತ್ತೀರಿ? ಕೂದಲಿನ ಜೊತೆ ಗುಡಿಸಿ ಚೀಲಕ್ಕೆ ತುಂಬಿದರೆ ಮಾರನೇ ದಿನ ಪೌರಕಾರ್ಮಿಕ ಅಕ್ಕ ಅದನ್ನು ಬರಿಗೈಯಲ್ಲಿ ಎತ್ತುತ್ತಾಳೆ. ನಮ್ಮ ಬೀದಿಯಲ್ಲಿ ಒಬ್ಬರ ಅಂಗೈ ಹಾಗೇ ಸೀಳಿತ್ತು, ಅದನ್ನು ನಾನೇ ನೋಡಿದ್ದೇನೆ. ಗಟ್ಟಿ ಪ್ಲಾಸ್ಟಿಕ್ ಡಬ್ಬದ ಮುಚ್ಚಳಕ್ಕೆ ಬ್ಲೇಡ್ ಹೋಗುವಷ್ಟೇ ಸೀಳು ಮಾಡಿ. ತುಂಬಿದ ಮೇಲೆ ಟೇಪ್ ಸುತ್ತಿ, ‘ಬ್ಲೇಡ್ ಇದೆ’ ಅಂತ ಕೆಂಪಿನಲ್ಲಿ ಬರೆದು, ಅವರ ಕೈಗೇ ಹೇಳಿ ಕೊಡಿ.

ಮಾತು ಮುಗಿದ ಮೇಲೆ ಹಿಂದೆ ಕೂತಿದ್ದ ಒಬ್ಬ ತಮ್ಮ ಎದ್ದು, ‘ಅಣ್ಣಾ, ವಿಶ್ವಕರ್ಮ ಯೋಜನೆಯ 15,000ದಲ್ಲಿ ಏನು ತಗೊಳ್ಳಲಿ?’ ಅಂದ. ಒಳ್ಳೆಯ ಪ್ರಶ್ನೆ. ಕೈಕಸುಬಿನವರಿಗೆ ಅಂತ ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ಕ್ಕೆ ಶುರು ಮಾಡಿದ ಪಿಎಂ ವಿಶ್ವಕರ್ಮದ 18 ಕಸುಬುಗಳಲ್ಲಿ ನಮ್ಮದೂ ಇದೆ. ತರಬೇತಿ ಇದೆ, 15,000 ಉಪಕರಣಕ್ಕೆ, ಆಮೇಲೆ ನೂರಕ್ಕೆ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಅದನ್ನು ತೀರಿಸಿದವರಿಗೆ ಎರಡು ಲಕ್ಷ ಸಾಲ. ಆ 15,000ದಲ್ಲಿ ಒಳ್ಳೆಯ ಟ್ರಿಮ್ಮರ್, ಕತ್ತರಿ, ಕತ್ತಿ ಹಿಡಿ ತಗೊಳ್ಳಿ. ಬ್ಲೇಡು, ಟವೆಲ್ಲು, ಸ್ಪಿರಿಟ್ಟು ನಿಮ್ಮ ಕೈಯ ದುಡ್ಡಿನಲ್ಲೇ ಬರಲಿ. ಅವು ಪ್ರತಿ ತಿಂಗಳೂ ಬೇಕಾಗುವಂಥವು, ಮೊದಲ ತಿಂಗಳಿಂದಲೇ ಅದಕ್ಕೆ ಅಂತ ಗಲ್ಲಾದಿಂದ ಎತ್ತಿಡುವ ಅಭ್ಯಾಸ ಆಗಬೇಕು.

ಟ್ರಿಮ್ಮರ್ ಬಿಸಿಯಾಗುತ್ತದೆ, ಕೂದಲು ಎಳೆಯುತ್ತದೆ ಅಂತ ನಾಲ್ಕೈದು ಜನ ಕೇಳಿದಿರಿ. ಅದು ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ. ಮುಂದಿನ ಮಂಗಳವಾರ ಹತ್ತು ಗಂಟೆಗೆ ನಮ್ಮ ಅಂಗಡಿಗೆ ಬನ್ನಿ, ಬಿಚ್ಚಿ ತೋರಿಸುತ್ತೇನೆ. ನಿಮ್ಮ ನಿಮ್ಮ ಮಷಿನ್ ತನ್ನಿ. ಎಣ್ಣೆ, ಸ್ಕ್ರೂಡ್ರೈವರ್ ನನ್ನ ಹತ್ತಿರ ಇದೆ.